ಕಾಲೇಜು ಮೊದಲಾ, ಊರು ಮೊದಲಾ? ಬಳ್ಳಾರಿ, ರಾಯಚೂರು, ಕೊಪ್ಪಳದ ಮಕ್ಕಳು ಆಪ್ಷನ್ ಹಾಕುವ ಮುಂಚೆ

ಸಿಇಟಿ ರ‍್ಯಾಂಕ್ ಬಂದ ಮರುದಿನವೇ ಮನೆಯಲ್ಲಿ ಎರಡು ಪಕ್ಷ ಆಗುತ್ತವೆ. ಕಾಕಾ ಫೋನ್ ಮಾಡಿ "ಬೆಂಗಳೂರಿಗೆ ಕಳಿಸ್ರಿ, ಅಲ್ಲಿದ್ರ ನೌಕರಿ ಸಿಗ್ತದ" ಅನ್ನುತ್ತಾರೆ. ಅಜ್ಜಿ "ಇಲ್ಲೇ ಬಳ್ಳಾರಿಯಾಗ ಕಾಲೇಜಿಲ್ಲೇನು, ಮನಿ ರೊಟ್ಟಿ ತಿಂದು ಓದ್ಲಿ" ಅನ್ನುತ್ತಾರೆ. ಸ್ವಲ್ಪ ಗಮನಿಸಿ, ಇಬ್ಬರೂ ಮಾತಾಡುತ್ತಿರುವುದು ಊರಿನ ಬಗ್ಗೆ. ಕಾಲೇಜಿನ ಒಳಗೆ ಏನಿದೆ, ಅಲ್ಲಿ ಈ ಹುಡುಗನೋ ಹುಡುಗಿಯೋ ಹೊಂದಿಕೊಳ್ಳುತ್ತಾರಾ ಅನ್ನುವ ಮಾತು ಇನ್ನೂ ಬಂದೇ ಇಲ್ಲ.

ನಮ್ಮ ಓಣಿಯ ಮಕ್ಕಳಿಗೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಹಾಕುವುದು, ಮಾಡಿಸಲು ಪ್ರತಿ ವರ್ಷ ಕೂರುತ್ತೇನೆ. ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಒಂದೇ. ನೀನು ಓದಬೇಕು ಅಂದುಕೊಂಡಿರುವ ಕೋರ್ಸಿಗೆ ಊರು ಬೇಕಾ? ಬೇಕಾದರೆ ಯಾವ ಊರು, ಯಾತಕ್ಕೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಜಗಳ ಮುಗಿದಂತೆ. ಊರಿನ ಹಂಗಿಲ್ಲದ ಕೋರ್ಸಾದರೆ ಒಳ್ಳೆ ಕ್ಯಾಂಪಸ್ ಹುಡುಕಿ, ಅದು ಯಾವ ಮೂಲೆಯಲ್ಲಿದ್ದರೂ ಸರಿ. ಊರು ಬೇಕೇ ಬೇಕು ಅನ್ನುವ ಕೋರ್ಸಾದರೆ ಕ್ಯಾಂಪಸ್‌ನಲ್ಲಿ ಒಂದಿಷ್ಟು ಕೊರತೆ ಇದ್ದರೂ ತಡೆದುಕೊಳ್ಳಬಹುದು.

ಕೋರ್ಸಿಗೆ ಊರು ಬೇಕಾ ಅಂತ ಹೇಗೆ ತಿಳಿಯುವುದು

ಕ್ಲಾಸ್ ರೂಮಿನ ಹೊರಗೆ ಕಲಿಯಬೇಕಾದ್ದು ಏನು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅದು ಎಲ್ಲಿ ಸಿಗುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ಬಹಳ ಮಕ್ಕಳಿಗೆ ಇಲ್ಲೇ ಅಚ್ಚರಿ ಕಾದಿರುತ್ತದೆ.

ಕಾನೂನು ಓದುವವರನ್ನೇ ತಗೊಳ್ಳಿ. ಹೈಕೋರ್ಟ್ ಕಲಾಪ ನೋಡಬೇಕು, ಹಿರಿಯ ವಕೀಲರ ಆಫೀಸಿನಲ್ಲಿ ಕೂರಬೇಕು, ಹಾಗಾಗಿ ಬೆಂಗಳೂರೇ ಬೇಕು ಅಂತ ವಾದ ಮಾಡುತ್ತಾರೆ. ಆದರೆ ಹೈಕೋರ್ಟಿನ ಪೀಠಗಳು ಧಾರವಾಡದಲ್ಲೂ ಕಲಬುರಗಿಯಲ್ಲೂ 2008ರಿಂದ ಇವೆ, 2013ರಲ್ಲಿ ಕಾಯಂ ಆದವು. ಬಳ್ಳಾರಿ, ಕೊಪ್ಪಳದ ಕೇಸುಗಳು ಹೋಗುವುದು ಧಾರವಾಡಕ್ಕೆ, ರಾಯಚೂರಿನವು ಕಲಬುರಗಿಗೆ. ಮುಂದೆ ನಮ್ಮ ಜಿಲ್ಲೆಯಲ್ಲೇ ವಕೀಲಿಕೆ ಮಾಡುವ ಆಸೆ ಇದ್ದರೆ ಐದು ವರ್ಷ ಬೆಂಗಳೂರಿನಲ್ಲಿ ಪರಿಚಯ ಬೆಳೆಸುವುದಕ್ಕಿಂತ ಧಾರವಾಡದಲ್ಲಿ ಬೆಳೆಸುವುದೇ ಮೇಲು, ಅಲ್ವಾ? ಕಂಪನಿ ಕಾನೂನು, ದೊಡ್ಡ ಲಾ ಫರ್ಮ್ ಅಂತ ಕನಸಿದ್ದರೆ ಆಗ ಬೆಂಗಳೂರಿನ ಮಾತು ಬೇರೆ.

ಬಿಎ ಇತಿಹಾಸ, ಪುರಾತತ್ವದ ಕಡೆ ಮನಸ್ಸಿರುವವರಿಗಂತೂ ನಮ್ಮ ಮೂರು ಜಿಲ್ಲೆಯಂಥ ಪ್ರಯೋಗಶಾಲೆ ರಾಜ್ಯದಲ್ಲಿ ಇನ್ನೊಂದಿಲ್ಲ. ಅಶೋಕನ ಹೆಸರು ನೇರವಾಗಿ ಇರುವ ಮಸ್ಕಿ ಶಾಸನ ರಾಯಚೂರು ಜಿಲ್ಲೆಯದು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಗಂಗಾವತಿ ಕಡೆ ಹಿರೇಬೆಣಕಲ್ಲಿನ ಶಿಲಾಗೋರಿಗಳು, ಬಳ್ಳಾರಿ ಪಕ್ಕದಲ್ಲೇ ಸಂಗನಕಲ್ಲು, ಆ ಕಡೆ ಹಂಪಿ, 1991ರಲ್ಲಿ ಶುರುವಾದ ಕನ್ನಡ ವಿಶ್ವವಿದ್ಯಾಲಯವೂ ಅಲ್ಲೇ. ಇಷ್ಟೆಲ್ಲ ಮನೆ ಹಿತ್ತಲಲ್ಲಿ ಇಟ್ಟುಕೊಂಡು ಇತಿಹಾಸ ಓದಲು ಮಹಾನಗರಕ್ಕೆ ಹೋಗುವ ಅವಸರ ಯಾಕೆ? ಎಂಎಗೆ, ಪಿಎಚ್‌ಡಿಗೆ ಹೋದರಾಯಿತು.

ಎಂಜಿನಿಯರಿಂಗ್‌ನಲ್ಲಿ ಬ್ರಾಂಚ್ ಮೇಲೆ ಲೆಕ್ಕ ಬದಲಾಗುತ್ತದೆ. ಎಲೆಕ್ಟ್ರಿಕಲ್ ಆದರೆ ಎರಡು ದೊಡ್ಡ ವಿದ್ಯುತ್ ಸ್ಥಾವರಗಳು ಹತ್ತಿರವೇ ಇವೆ, ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವ್ಯಾಟಿನದು, ಕುಡತಿನಿಯ ಬಿಟಿಪಿಎಸ್ 1,700 ಮೆಗಾವ್ಯಾಟಿನದು. ಮೆಕ್ಯಾನಿಕಲ್, ಮೆಟಲರ್ಜಿ, ಮೈನಿಂಗ್ ಆದರೆ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿಗಳು, ಹಟ್ಟಿ ಚಿನ್ನದ ಗಣಿ. ಸಿವಿಲ್ ಆದರೆ ಮುನಿರಾಬಾದಿನ ತುಂಗಭದ್ರಾ ಡ್ಯಾಮ್ ಇದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟಿನ ತುಂಡುಗಳು) ಇಳಿಸಿ ನೀರು ಉಳಿಸಿದರಲ್ಲ, ಅಂಥ ಪಾಠ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆದರೆ ಫ್ಯಾಕ್ಟರಿ ಹತ್ತಿರ ಇದ್ದ ಮಾತ್ರಕ್ಕೆ ಒಳಗೆ ಬಿಟ್ಟುಕೊಳ್ಳುತ್ತಾರೆ ಅಂತಲ್ಲ. ನೀವು ಕೇಳಬೇಕಾದ್ದು ಇಷ್ಟು. ಹೋದ ವರ್ಷ ನಿಮ್ಮ ಕಾಲೇಜಿನ ಎಷ್ಟು ಮಂದಿ ಅಲ್ಲಿ ಇಂಟರ್ನ್‌ಶಿಪ್ ಮಾಡಿದರು, ಕಾಲೇಜು ಪತ್ರ ಬರೆದು ಕೊಡಿಸಿತಾ, ಇಲ್ಲಾ ಮಕ್ಕಳೇ ಯಾರದೋ ಕೈಕಾಲು ಹಿಡಿದು ಹೋದರಾ? ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ ವಿಟಿಯುನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ, ಹಾಗಾಗಿ ಇದನ್ನು ಕೇಳಲು ನಾಚಿಕೆ ಬೇಡ.

ಕಂಪ್ಯೂಟರ್ ಸೈನ್ಸ್‌ಗೆ ಬೆಂಗಳೂರು ಬೇಕೇ ಬೇಕು ಅನ್ನುವುದು ಎಲ್ಲರ ಬಾಯಲ್ಲಿರುವ ಮಾತು. ನನಗೆ ಇದರಲ್ಲಿ ಅರ್ಧ ಮಾತ್ರ ನಿಜ ಅನಿಸುತ್ತದೆ. ಮೊದಲ ಎರಡು ವರ್ಷ ಕೋಡಿಂಗ್ ಕಲಿಯುವುದು ಪಕ್ಕದ ಬೆಂಚಿನವನ ಜೊತೆ ಕೂತು. ನಿಮ್ಮ ಸುತ್ತ ರಾತ್ರಿ ಕೂತು ಪ್ರಾಬ್ಲಮ್ ಬಿಡಿಸುವ ಹತ್ತು ಮಂದಿ ಇದ್ದರೆ ಊರು ಯಾವುದಾದರೇನು? ಆ ಹತ್ತು ಮಂದಿ ಇಲ್ಲದ ಕಾಲೇಜು ಕಂಪನಿಗಳ ಮಧ್ಯೆಯೇ ಇದ್ದರೂ ಉಪಯೋಗವಿಲ್ಲ. ಊರಿನ ಲಾಭ ಕಾಣುವುದು ಮೂರನೇ ವರ್ಷದಿಂದ. ಸಣ್ಣ ಕಂಪನಿಗಳಲ್ಲಿ ಪಾರ್ಟ್‌ಟೈಮ್ ಇಂಟರ್ನ್‌ಶಿಪ್, ವಾರದ ಕೊನೆಯ ಮೀಟಪ್‌ಗಳು, ಪ್ಲೇಸ್‌ಮೆಂಟಿಗೆ ಬಂದು ಹೋಗುವ ಕಂಪನಿಗಳು ಆಗ ಲೆಕ್ಕಕ್ಕೆ ಬರುತ್ತವೆ.

ಅಗ್ರಿಗೆ ಯೋಚನೆಯೇ ಬೇಡ, ದೊಡ್ಡ ಜಮೀನಿರುವ ಕ್ಯಾಂಪಸ್ಸೇ ಬೇಕು. 2008ರಲ್ಲಿ ಆದ ರಾಯಚೂರು ಕೃಷಿ ವಿವಿ ಲಿಂಗಸುಗೂರು ರೋಡಿನಲ್ಲಿದೆ. ಭತ್ತ, ಹತ್ತಿ, ತೊಗರಿ, ನೀರಾವರಿ, ಸವಳು ಜಮೀನು, ಎಲ್ಲ ಸುತ್ತಮುತ್ತಲೇ ಇದೆ. ವೈದ್ಯಕೀಯಕ್ಕೆ ಊರಿನ ಹೆಸರು ನೋಡಬೇಡಿ, ಜೊತೆಗಿರುವ ಆಸ್ಪತ್ರೆಗೆ ಎಷ್ಟು ರೋಗಿಗಳು ಬರುತ್ತಾರೆ ಅಂತ ನೋಡಿ. 1961ರಿಂದ ಇರುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಆಂಧ್ರದ ಗಡಿಯಿಂದಲೂ ಜನ ಬರುತ್ತಾರೆ. ಹಾಸಿಗೆ ಖಾಲಿ ಇರುವ ಆಸ್ಪತ್ರೆಯಲ್ಲಿ ಕಲಿಯುವುದು ಏನಿದೆ?

ಇನ್ನು ಊರು ನಿಜಕ್ಕೂ ಬೇಕಾದ ಓದುಗಳು. ಪತ್ರಿಕೋದ್ಯಮ, ಸಿನಿಮಾ, ಡಿಸೈನ್, ಹೋಟೆಲ್ ಮ್ಯಾನೇಜ್‌ಮೆಂಟ್, ಫೈನಾನ್ಸ್ ಕಡೆಯ ಬಿಕಾಂ. ಇವುಗಳಲ್ಲಿ ಕೆಲಸ ಕಲಿಯುವ ಜಾಗ ಕಾಲೇಜಿನ ಹೊರಗಿದೆ, ಸಂಜೆ ಹೋಗಿ ಬರುವಷ್ಟು ಹತ್ತಿರ ಇರಬೇಕು. ಸಿಎ ಮಾಡುವವರು ಮಾತ್ರ ಸ್ವಲ್ಪ ನಿಧಾನಿಸಿ. 2023ರಿಂದ ಆರ್ಟಿಕಲ್‌ಶಿಪ್, ಅಂದರೆ ಸಿಎ ಆಫೀಸಿನಲ್ಲಿ ಮಾಡುವ ತರಬೇತಿ, ಎರಡು ವರ್ಷಕ್ಕೆ ಇಳಿದಿದೆ. ಬಿಕಾಂ ಇಲ್ಲೇ ಮುಗಿಸಿ, ಇಂಟರ್‌ಮೀಡಿಯೆಟ್ ಪಾಸಾಗಿ, ಆ ಎರಡು ವರ್ಷಕ್ಕೆ ಮಾತ್ರ ದೊಡ್ಡ ಊರಿಗೆ ಹೋಗುವ ದಾರಿಯೂ ಇದೆ. ಖರ್ಚು ಬಹಳ ಉಳಿಯುತ್ತದೆ.

ಕಾಲೇಜು ನಿಜವಾಗಿ ಎಲ್ಲಿದೆ

ಪ್ರಾಸ್ಪೆಕ್ಟಸ್‌ನಲ್ಲಿ "ಬೆಂಗಳೂರು" ಅಂತ ಇದ್ದರೆ ಮ್ಯಾಪ್ ತೆಗೆಯಿರಿ. ಆನೇಕಲ್ ದಾಟಿ, ಯಲಹಂಕ ದಾಟಿ, ಕನಕಪುರ ರೋಡಿನ ಆ ತುದಿಯಲ್ಲಿ ಇರುವ ಕಾಲೇಜುಗಳು ಎಷ್ಟೋ ಇವೆ. ಅಲ್ಲಿಂದ ಮೆಜೆಸ್ಟಿಕ್‌ಗೆ ಬರಲು ಹಿಡಿಯುವ ಹೊತ್ತಿನಲ್ಲಿ ಬಳ್ಳಾರಿಯಿಂದ ಹೊಸಪೇಟೆ ಮುಟ್ಟಿಬಿಡಬಹುದು. ಅಂಥ ಕಾಲೇಜಿನಲ್ಲಿ ಊರಿನ ಲಾಭ ಸಿಗುವುದಿಲ್ಲ, ಊರಿನ ಬಾಡಿಗೆ ಮಾತ್ರ ಕಟ್ಟುತ್ತೀರಿ. ಎರಡೂ ಕಡೆ ಲುಕ್ಸಾನು.

ಇದು ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ಕರ್ನಾಟಕ ಕೇಂದ್ರೀಯ ವಿವಿಯನ್ನು ಕಲಬುರಗಿ ಅನ್ನುತ್ತಾರೆ, ಇರುವುದು ಆಳಂದ ರೋಡಿನ ಕಡಗಂಚಿಯಲ್ಲಿ. ರಾಯಚೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯರಮರಸ್‌ನಲ್ಲಿ. ಇವು ಕೆಟ್ಟ ಜಾಗ ಅಂತ ನಾನು ಹೇಳುತ್ತಿಲ್ಲ. ಊರಿಂದ ದೂರ ಇರುವ ಕ್ಯಾಂಪಸ್‌ನಲ್ಲಿ ಜೊತೆಗಾರರೇ ಊರು ಆಗಿಬಿಡುತ್ತಾರೆ, ಕೆಲವರಿಗೆ ಅದೇ ಹಿಡಿಸುತ್ತದೆ. ಹೋಗುವ ಮುಂಚೆ ಗೊತ್ತಿರಬೇಕು, ಅಷ್ಟೇ.

ಮ್ಯಾಪ್‌ನಲ್ಲಿ ಮೂರು ಲೆಕ್ಕ ನೋಡಿ. ಕಾಲೇಜಿಂದ ಬಸ್ ನಿಲ್ದಾಣ ಅಥವಾ ರೈಲ್ವೆ ಸ್ಟೇಷನ್‌ಗೆ, ಕಾಲೇಜಿಂದ ನಿಮ್ಮ ಕೋರ್ಸಿನ ಕೆಲಸ ನಡೆಯುವ ಜಾಗಕ್ಕೆ, ಕಾಲೇಜಿಂದ ದೊಡ್ಡ ಆಸ್ಪತ್ರೆಗೆ. ಭಾನುವಾರ ಮಧ್ಯಾಹ್ನ ನೋಡಬೇಡಿ, ಕೆಲಸದ ದಿನ ಸಂಜೆ ಆರು ಗಂಟೆಗೆ ನೋಡಿ.

ಕ್ಯಾಂಪಸ್ ಹಿಡಿಸುತ್ತದಾ ಅಂತ ನೋಡುವ ಬಗೆ

ಓಪನ್ ಡೇ ದಿನ ಹೋಗಬೇಡಿ. ಅವತ್ತು ಹೂಕುಂಡ, ಬ್ಯಾನರ್, ಇಸ್ತ್ರಿ ಮಾಡಿದ ಅಂಗಿಯ ಲೆಕ್ಚರರ್‌ಗಳು, ಎಲ್ಲ ಮದುವೆ ಮನೆಯ ಹಾಗೆ ಇರುತ್ತದೆ. ಸೆಮಿಸ್ಟರ್ ನಡುವಿನ ಒಂದು ಸಾದಾ ಮಂಗಳವಾರ ಹೋಗಿ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂತು ಒಂದು ಚಹಾ ಕುಡಿಯಿರಿ, ಸುಮ್ನೆ ಕಿವಿ ತೆರೆದಿಡಿ. ಮಕ್ಕಳು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆ, ಯಾವುದರ ಬಗ್ಗೆ ನಗುತ್ತಿದ್ದಾರೆ, ಒಂಟಿಯಾಗಿ ಕೂತವರು ಎಷ್ಟು ಮಂದಿ. ಸಂಜೆ ಐದರ ಮೇಲೆ ಲ್ಯಾಬ್ ಮತ್ತು ಲೈಬ್ರರಿ ಕಡೆ ಒಂದು ಸುತ್ತು ಹಾಕಿ. ಬೀಗ ಬಿದ್ದಿದೆಯಾ, ದೀಪ ಉರಿಯುತ್ತಿದೆಯಾ? ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇರೆ ಇಲ್ಲ. ಗುಣಮಟ್ಟ ಅಳೆದು ಕೊಡುವ ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಸಿಗುವಂಥದ್ದು, ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ ಬೇರೆ ಬೇರೆ. ಎರಡನ್ನೂ ನೋಡಿ, ಆದರೆ ನಿಮ್ಮ ಬ್ರಾಂಚಿಗೆ ಎನ್‌ಬಿಎ ಇದೆಯಾ ಅಂತ ಬಿಡಿಸಿ ಕೇಳಿ.

ಹೋಗಲು ಆಗಲ್ಲ ಅನ್ನುವವರು ಸೀನಿಯರ್‌ಗಳನ್ನು ಹಿಡಿಯಿರಿ. ನಮ್ಮ ಕಡೆಯವರು ಎಲ್ಲ ಕಾಲೇಜಿನಲ್ಲೂ ಇದ್ದಾರೆ. ಸಿರುಗುಪ್ಪದ ಯಾರದೋ ಅಕ್ಕ, ಸಿಂಧನೂರಿನ ಯಾರದೋ ಅಣ್ಣ, ಪಿಯು ಕಾಲೇಜಿನ ಲೆಕ್ಚರರ್ ಕೇಳಿದರೆ ನಂಬರ್ ಸಿಗುತ್ತದೆ. ಒಬ್ಬರನ್ನು ಕೇಳಿ ಬಿಡಬೇಡಿ. ಈಗಷ್ಟೇ ಮೊದಲ ವರ್ಷ ಮುಗಿಸಿದವರು ಒಬ್ಬರು, ಹಾಸ್ಟೆಲ್‌ನಲ್ಲಿ ಇರುವವರು ಒಬ್ಬರು, ಕೊನೆಯ ವರ್ಷದಲ್ಲಿ ಇನ್ನೂ ಪ್ಲೇಸ್‌ಮೆಂಟ್ ಆಗದವರು ಒಬ್ಬರು. ಮೂರನೆಯವರು ಹೇಳುವುದನ್ನು ಎಲ್ಲರಿಗಿಂತ ಜಾಸ್ತಿ ಕಿವಿಗೊಟ್ಟು ಕೇಳಿ.

"ಅಕ್ಕಾ, ಕಾಲೇಜು ಚೆನ್ನಾಗಿದೆಯಾ?" ಅಂತ ಕೇಳಿದರೆ "ಹ್ಞೂಂ, ಪರವಾಗಿಲ್ಲ" ಅಂತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ. ನಿನ್ನೆ ಎಷ್ಟು ಕ್ಲಾಸ್ ನಡೆಯಿತು? ಡೌಟ್ ಬಂದರೆ ಯಾರ ಹತ್ತಿರ ಹೋಗ್ತೀರಿ, ಅವರು ಹೆಸರು ಹಿಡಿದು ಕರೀತಾರಾ? ಜ್ವರ ಬಂದಾಗ ಹಾಸ್ಟೆಲ್‌ನಲ್ಲಿ ಯಾರು ನೋಡಿಕೊಂಡರು? ಮೆಸ್ಸಿನಲ್ಲಿ ರೊಟ್ಟಿ ಸಿಗುತ್ತದಾ, ಇಲ್ಲಾ ಮೂರು ಹೊತ್ತೂ ಅನ್ನವಾ? ನಗಬೇಡಿ, ಜೋಳದ ರೊಟ್ಟಿ ತಿಂದು ಬೆಳೆದ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಸೊರಗುವುದು ಗಣಿತದಿಂದ ಮಾತ್ರ ಅಲ್ಲ.

ಕನ್ನಡ ಮೀಡಿಯಂನಿಂದ ಬಂದವರಿಗೆ ಹೊಂದಾಣಿಕೆಯ ಪ್ರಶ್ನೆ ಇನ್ನೂ ಆಳವಾದದ್ದು. ಮೊದಲ ಆರು ತಿಂಗಳು ಕ್ಲಾಸಿನಲ್ಲಿ ಬಾಯಿ ಬಿಡಲು ಭಯ ಆಗುತ್ತದೆ. ಕನ್ನಡದಲ್ಲಿ ಡೌಟ್ ಕೇಳಿದರೆ ಲೆಕ್ಚರರ್ ಉತ್ತರ ಕೊಡುತ್ತಾರಾ, ಮೊದಲ ಸೆಮಿಸ್ಟರ್‌ನಲ್ಲಿ ಎಷ್ಟು ಕನ್ನಡ ಮೀಡಿಯಂ ಮಕ್ಕಳಿಗೆ ಬ್ಯಾಕ್ (ಫೇಲಾದ ವಿಷಯ) ಉಳಿಯಿತು ಅಂತ ವಿಚಾರಿಸಿ. ಬ್ಯಾಕ್ ಎಷ್ಟು ಮಂದಿಗೆ ಅನ್ನುವುದಕ್ಕಿಂತ ಬ್ಯಾಕ್ ಬಂದವರಿಗೆ ಕಾಲೇಜು ಏನು ಮಾಡಿತು ಅನ್ನುವುದು ಮುಖ್ಯ. ಪ್ರತ್ಯೇಕ ಕ್ಲಾಸ್ ತಗೊಂಡರಾ, ಕೈ ಬಿಟ್ಟರಾ? ಹೆಸರು ಮಾಡಿದ ಕಾಲೇಜುಗಳಲ್ಲಿ ಕೆಲವು ಈ ಮಕ್ಕಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಜಿಲ್ಲಾ ಕಾಲೇಜುಗಳಲ್ಲಿ ಕೆಲವು ಇವರನ್ನು ಕೈ ಹಿಡಿದು ದಾಟಿಸುತ್ತವೆ. ತಲೆಕೆಳಗೂ ಇರಬಹುದು, ಅದಕ್ಕೇ ಕೇಳಬೇಕು.

ಹೆಣ್ಣುಮಕ್ಕಳು ಇನ್ನೊಂದು ಕೇಳಿ. ಹಾಸ್ಟೆಲ್ ಗೇಟ್ ಎಷ್ಟು ಗಂಟೆಗೆ ಹಾಕುತ್ತಾರೆ, ಹುಡುಗರಿಗೂ ಅದೇ ಟೈಮಾ? ಲೈಬ್ರರಿ ರಾತ್ರಿ ಹತ್ತರವರೆಗೆ ಅಂತ ವೆಬ್‌ಸೈಟಿನಲ್ಲಿ ಹಾಕಿ, ಹುಡುಗಿಯರ ಹಾಸ್ಟೆಲ್ ಗೇಟ್ ಏಳಕ್ಕೇ ಮುಚ್ಚಿದರೆ ಆ ಲೈಬ್ರರಿ ನಿಮ್ಮದಲ್ಲ. ಹಾಸ್ಪಿಟಲ್ ಡ್ಯೂಟಿ, ಹ್ಯಾಕಥಾನ್, ಇಂಟರ್ನ್‌ಶಿಪ್‌ನಿಂದ ತಡವಾಗಿ ಬಂದರೆ ಏನು ನಿಯಮ ಅಂತಲೂ ಕೇಳಿ.

ನಮ್ಮ ಕಡೆಯ ಹಾಸ್ಟೆಲ್‌ಗಳಿಗೆ ಸೇರುವವರು ಬೇಸಿಗೆಯ ನೀರು, ಕರೆಂಟ್ ಬಗ್ಗೆ ವಿಚಾರಿಸಿ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುವುದು ನಿಮಗೆ ಹೊಸದಲ್ಲ. ಮೂರನೇ ಮಹಡಿಯ ಶೀಟಿನ ರೂಮಿನಲ್ಲಿ ಪರೀಕ್ಷೆಗೆ ಓದುವುದು ಹೊಸದು.

ಪ್ಲೇಸ್‌ಮೆಂಟ್ ಬ್ಯಾನರ್ ಬಗ್ಗೆ ಎರಡೇ ಮಾತು. ದಪ್ಪ ಅಕ್ಷರದಲ್ಲಿರುವ ಪ್ಯಾಕೇಜ್ ಒಬ್ಬನದು. ಒಬ್ಬನಿಗೇ ಮೂರು ಆಫರ್ ಬಂದರೆ ಮೂರು ಅಂತಲೇ ಎಣಿಸಿರುತ್ತಾರೆ. ನಿಮ್ಮ ಬ್ರಾಂಚಿನಲ್ಲಿ ಎಷ್ಟು ಮಂದಿ ಓದಿದರು, ಅದರಲ್ಲಿ ಎಷ್ಟು ಮಂದಿ ಕೆಲಸಕ್ಕೆ ನಿಜವಾಗಿ ಸೇರಿದರು, ಸಂಬಳದ ಸಾಲಿನಲ್ಲಿ ನಟ್ಟ ನಡುವೆ ಇರುವ ಹುಡುಗನಿಗೆ ಸಿಕ್ಕಿದ್ದು ಎಷ್ಟು. ಇಷ್ಟು ಕೇಳಿ, ಉತ್ತರ ಕೊಡದಿದ್ದರೆ ಅದೂ ಒಂದು ಉತ್ತರವೇ.

371 ಜೆ ತಕ್ಕಡಿಯನ್ನು ಹೇಗೆ ಬದಲಿಸುತ್ತದೆ

ಇದನ್ನು ಬೆಂಗಳೂರಿನ ಕರಿಯರ್ ಕೌನ್ಸೆಲರ್‌ಗಳು ಹೇಳಿಕೊಡುವುದು ಕಮ್ಮಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371 ಜೆ ಪ್ರಕಾರ ನಮ್ಮ ಏಳು ಜಿಲ್ಲೆಗಳ ಮಕ್ಕಳಿಗೆ, ಅಂದರೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರಿಗೆ, ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳಲ್ಲಿ ಶೇ 70 ಸೀಟು, ಹೊರಗಿನವುಗಳಲ್ಲಿ ಶೇ 8 ಸೀಟು ಮೀಸಲು. 2013ರ ಆದೇಶದಿಂದ ಇದು ಜಾರಿಯಲ್ಲಿದೆ.

ಇದರ ಅರ್ಥ ಏನು? ಒಂದೇ ರ‍್ಯಾಂಕಿಗೆ ಬಳ್ಳಾರಿಯಲ್ಲಿ ನಿಮಗೆ ಬೇಕಾದ ಬ್ರಾಂಚ್ ಸಿಗಬಹುದು, ಬೆಂಗಳೂರಿನಲ್ಲಿ ಎರಡನೇ ಸಾಲಿನ ಕಾಲೇಜಿನ ಬೇಡದ ಬ್ರಾಂಚ್ ಸಿಗಬಹುದು. ಆಗ ಊರಿನ ಆಸೆಗೆ ಬ್ರಾಂಚ್ ಬಿಡಬೇಕಾ? ನಾನು ಬಿಡಬೇಡಿ ಅನ್ನುತ್ತೇನೆ. ಮೆಕ್ಯಾನಿಕಲ್ ಇಷ್ಟವಿದ್ದವನು ಬೆಂಗಳೂರು ಸಿಗುತ್ತದೆ ಅಂತ ಬೇರೆ ಯಾವುದೋ ಸೇರಿ ನಾಲ್ಕು ವರ್ಷ ಗೋಳಾಡುವುದರಲ್ಲಿ ಅರ್ಥವಿಲ್ಲ. ವಿಟಿಯು ಕೆಳಗಿನ ಮಾಮೂಲಿ ಕಾಲೇಜುಗಳಿಗೆ ಸಿಲಬಸ್ ಒಂದೇ, ಪರೀಕ್ಷೆ ಒಂದೇ, ಬಳ್ಳಾರಿಯಾದರೂ ಬೆಂಗಳೂರಾದರೂ. ಅಟಾನಮಸ್ ಕಾಲೇಜುಗಳು ಸಿಲಬಸ್, ಪರೀಕ್ಷೆ ತಾವೇ ಮಾಡಿಕೊಳ್ಳುತ್ತವೆ, ಡಿಗ್ರಿ ಮಾತ್ರ ವಿಟಿಯುದು. ಹಾಗಾಗಿ ಎರಡು ಕಾಲೇಜು ತೂಗುವಾಗ ಯಾವುದು ಅಟಾನಮಸ್, ಅದರ ಸಿಲಬಸ್ ಹೇಗಿದೆ ಅಂತ ಮೊದಲು ನೋಡಿ.

ಶೇ 8ರ ದಾರಿಯನ್ನೂ ಮರೆಯಬೇಡಿ. ಸಿಇಟಿ ನಡೆಸಿ ಸೀಟು ಹಂಚುವ ಕೆಇಎ ಸೈಟಿನಲ್ಲಿ ಹಿಂದಿನ ವರ್ಷದ ಕಟಾಫ್ ನೋಡುವಾಗ ಸಾಮಾನ್ಯ ಪಟ್ಟಿ ಮಾತ್ರ ನೋಡಿ "ಅಯ್ಯೋ, ಇದು ನಮಗೆಲ್ಲಿ ಸಿಗ್ತದ" ಅಂತ ಕೈ ಚೆಲ್ಲುವವರು ಬಹಳ. ನಮ್ಮ ಭಾಗದ ಕಟಾಫ್ ಬೇರೆ ನೋಡಬೇಕು, ಅದರಲ್ಲೂ ನಿಮ್ಮ ಕೆಟಗರಿ, ಗ್ರಾಮೀಣ, ಕನ್ನಡ ಮಾಧ್ಯಮ ಕಾಲಂ ನೋಡಬೇಕು. ಒಂದು ವರ್ಷದ್ದು ಸಾಲದು, ಎರಡು ಮೂರು ವರ್ಷದ್ದು ತೆಗೆಯಿರಿ. ಇದಕ್ಕೆಲ್ಲ 371 ಜೆ ಪ್ರಮಾಣಪತ್ರ ಕೈಯಲ್ಲಿರಬೇಕು. ಅದು ಎಸಿ (ಉಪವಿಭಾಗಾಧಿಕಾರಿ) ಆಫೀಸಿನಿಂದ ಬರುವುದು, ತಡ ಆಗಬಹುದು, ಆದ್ದರಿಂದ ಪಿಯು ಪರೀಕ್ಷೆ ಮುಗಿದ ಕೂಡಲೇ ಅರ್ಜಿ ಹಾಕಿ.

ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ಅಲ್ಲಿ ನೆಂಟರೂ ಇರುತ್ತಾರೆ. ಊರಿನ ದೃಷ್ಟಿಯಿಂದ ಒಳ್ಳೆ ಆಯ್ಕೆಯೇ. ಆದರೆ ತೆಲಂಗಾಣಕ್ಕೆ ಕಾಲಿಟ್ಟರೆ 371 ಜೆ ನಡೆಯುವುದಿಲ್ಲ, ನಮ್ಮ ರಾಜ್ಯದ ಸರ್ಕಾರಿ ಹಾಸ್ಟೆಲ್ ಇಲ್ಲ, ಸಿಇಟಿ ರ‍್ಯಾಂಕೂ ಕೆಲಸಕ್ಕೆ ಬರುವುದಿಲ್ಲ. ಇದನ್ನೆಲ್ಲ ಕೂಡಿಸಿ ಕಳೆದು ನೋಡಿ.

ದುಡ್ಡಿನ ಲೆಕ್ಕ

ಸರ್ಕಾರಿ ಕೋಟಾದಲ್ಲಿ ಫೀ ವ್ಯತ್ಯಾಸ ಅಷ್ಟು ಹೊಡೆಯುವುದಿಲ್ಲ, ಇರುವ ಖರ್ಚು ಹೊಡೆಯುತ್ತದೆ. ಪಿಜಿ ಬಾಡಿಗೆ, ಅಡ್ವಾನ್ಸ್, ಊಟ, ದಿನದ ಓಡಾಟ, ಊರಿಗೆ ಬಂದು ಹೋಗುವುದು. ಈ ಐದನ್ನು ಅಲ್ಲೇ ಓದುತ್ತಿರುವವರನ್ನು ಕೇಳಿ ಬರೆದುಕೊಂಡು, ಅಡ್ವಾನ್ಸ್ ಬಿಟ್ಟು ಉಳಿದದ್ದನ್ನು ಹತ್ತು ತಿಂಗಳಿಗೆ ಗುಣಿಸಿ, ನಾಲ್ಕು ವರ್ಷಕ್ಕೆ ಗುಣಿಸಿ, ಕೊನೆಗೆ ಅಡ್ವಾನ್ಸ್ ಕೂಡಿಸಿ. ಅಪ್ಪಾಜಿ ಮುಂದೆ ಇಡುವಾಗ ತಿಂಗಳ ಲೆಕ್ಕ ಇಡಬೇಡಿ, ಪೂರ್ತಿ ಕೋರ್ಸಿನ ಲೆಕ್ಕ ಇಡಿ. ಆಗಲೇ ನಿಜವಾದ ಮಾತುಕತೆ ಶುರುವಾಗುವುದು.

ಸರ್ಕಾರದ ಹಾಸ್ಟೆಲ್ ಸಿಕ್ಕರೆ ಈ ಲೆಕ್ಕ ಪೂರಾ ತಲೆಕೆಳಗಾಗುತ್ತದೆ. ಸಮಾಜ ಕಲ್ಯಾಣ, ಬಿಸಿಎಂ (ಹಿಂದುಳಿದ ವರ್ಗ), ಅಲ್ಪಸಂಖ್ಯಾತರ ಹಾಸ್ಟೆಲ್‌ಗಳು ದೊಡ್ಡ ಊರಲ್ಲೂ ಇವೆ, ಆದರೆ ಅಲ್ಲಿ ಪೈಪೋಟಿ ಜಾಸ್ತಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ಅಂತ ಹತ್ತು ತಿಂಗಳು ಒಂದಿಷ್ಟು ಹಣ ಬರುತ್ತದೆ, ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಬೇಕು. ಬೆಂಗಳೂರಿನ ಪಿಜಿಗೆ ಆ ಹಣ ಎಲ್ಲೂ ಸಾಲುವುದಿಲ್ಲ, ಕೊಪ್ಪಳದಲ್ಲಿ ಇಬ್ಬರು ಮೂವರು ಸೇರಿ ರೂಮ್ ಮಾಡಿದರೆ ಭಾರ ಇಳಿಸುತ್ತದೆ. ಒಂದೇ ಮೊತ್ತ, ಎರಡು ಊರಲ್ಲಿ ಎರಡು ಬೆಲೆ. ಕೊಪ್ಪಳದ ಗವಿಮಠದ ಹಾಸ್ಟೆಲ್ ಎಷ್ಟೋ ಬಡ ಮಕ್ಕಳನ್ನು ಓದಿಸಿದೆ, ಅಲ್ಲಿ ವಿಚಾರಿಸಲು ಸಂಕೋಚ ಬೇಡ.

ಮನೆಯಿಂದ ಓಡಾಡುತ್ತೇನೆ ಅನ್ನುವವರು ಬಸ್ ಲೆಕ್ಕ ಹಾಕಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಕೆಕೆಆರ್‌ಟಿಸಿ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ, ಹುಡುಗರಿಗೆ ಪಾಸ್ ಇದೆ. ದುಡ್ಡು ಉಳಿಯಿತು, ಹೊತ್ತು? ಕಂಪ್ಲಿಯಿಂದಲೋ ಸಿರುಗುಪ್ಪದಿಂದಲೋ ದಿನಾ ಬಳ್ಳಾರಿಗೆ ಬಂದು ಹೋಗುವವರು ಸಂಜೆಯ ಬಸ್ಸಿಗಾಗಿ ಓಡಬೇಕು, ಹಾಗಾಗಿ ಕಾಲೇಜಿನಲ್ಲಿ ಕ್ಲಾಸ್ ಬಿಟ್ಟು ಏನೇನು ನಡೆಯುತ್ತದೋ ಅದೆಲ್ಲ, ಅಂದರೆ ಪ್ರಾಜೆಕ್ಟ್ ಕೂಟ, ಸ್ಪೋರ್ಟ್ಸ್, ನಾಟಕ, ಸೀನಿಯರ್‌ಗಳ ಹರಟೆ, ಅವರ ಪಾಲಿಗೆ ಇಲ್ಲವೇ ಇಲ್ಲ. ವಿಟಿಯು ಶೇ 85 ಹಾಜರಾತಿ ಕೇಳುತ್ತದೆ, ಮೊದಲ ಬಸ್ ತಪ್ಪಿದರೆ ಮೊದಲ ಗಂಟೆಯೂ ಹೋಯಿತು. ಮೊದಲ ವರ್ಷವಾದರೂ ಹಾಸ್ಟೆಲ್‌ನಲ್ಲಿ ಇರಿ, ಗೆಳೆತನ ಗಟ್ಟಿಯಾದ ಮೇಲೆ ಬೇಕಾದರೆ ಮನೆಗೆ ಬನ್ನಿ.

ಬೆಂಗಳೂರಿಗೆ ಹೋಗುವವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ, ದಸರಾ, ದೀಪಾವಳಿಗೆ ಅವತ್ತೇ ಮಾಡಿಸಿ. ಇಲ್ಲದಿದ್ದರೆ ಹಬ್ಬದ ಹಿಂದಿನ ದಿನ ಖಾಸಗಿ ಸ್ಲೀಪರ್ ಬಸ್ಸಿನವರು ಕೇಳುವ ರೇಟು ನಿಮಗೇ ಗೊತ್ತು.

ಈಗ ಆಪ್ಷನ್ ಹಾಕೋಣ

ಕೆಲವರು ಕಾಲೇಜುಗಳಿಗೆ ಅಂಕ ಕೊಟ್ಟು ಎಕ್ಸೆಲ್ ಶೀಟ್ ಮಾಡುತ್ತಾರೆ. ಊರಿಗೆ 10ಕ್ಕೆ 8, ಹಾಸ್ಟೆಲ್‌ಗೆ 6. ನನಗೆ ಅದರ ಮೇಲೆ ನಂಬಿಕೆ ಇಲ್ಲ, ಯಾಕೆಂದರೆ ಮನಸ್ಸಲ್ಲಿ ಮೊದಲೇ ಗೆದ್ದ ಕಾಲೇಜಿಗೇ ಕೊನೆಗೂ ಅಂಕ ಜಾಸ್ತಿ ಬರುತ್ತದೆ. ಅದರ ಬದಲು ಮೊದಲು ಕತ್ತರಿ ಹಾಕಿ. ಮನೆಯ ಲೆಕ್ಕಕ್ಕೆ ಮೀರಿದ್ದು, ಬೇಡದ ಬ್ರಾಂಚ್, ಸೀನಿಯರ್ ಮೂವರೂ ಬೇಡ ಅಂದದ್ದು, ಇವೆಲ್ಲ ಪಟ್ಟಿಯಿಂದ ಹೊರಗೆ.

ಉಳಿದವನ್ನು ಎರಡೆರಡು ಹಿಡಿದು ನೋಡಿ. ನಾಳೆ ಬೆಳಿಗ್ಗೆ ಈ ಎರಡೂ ಸೀಟು ಕೈಯಲ್ಲಿದ್ದರೆ ಯಾವುದಕ್ಕೆ ಬ್ಯಾಗ್ ತುಂಬುತ್ತೀರಿ? ಅದು ಮೇಲೆ, ಇನ್ನೊಂದು ಕೆಳಗೆ. ಹೀಗೆ ಜೋಡಿ ಜೋಡಿಯಾಗಿ ಏರಿಸುತ್ತ ಹೋದರೆ ಪಟ್ಟಿ ತಾನೇ ಜೋಡಣೆಯಾಗುತ್ತದೆ. ಎರಡರ ನಡುವೆ ಸಿಕ್ಕಿಬಿದ್ದರೆ ಮೊದಲಿನ ಪ್ರಶ್ನೆಗೆ ಹೋಗಿ. ಈ ಕೋರ್ಸಿಗೆ ಊರು ಬೇಕಿತ್ತಾ? ಬೇಕಿದ್ದರೆ ಊರು ಗೆಲ್ಲಲಿ, ಇಲ್ಲದಿದ್ದರೆ ಸಂಜೆ ದೀಪ ಉರಿಯುತ್ತಿದ್ದ ಲ್ಯಾಬ್ ಗೆಲ್ಲಲಿ.

ನೆನಪಿಡಿ, ಕೆಇಎ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಡುತ್ತದೆ. ಸಿಗಲ್ಲ ಅಂತ ಆಸೆಯ ಕಾಲೇಜನ್ನು ಕೆಳಗೆ ಹಾಕಬೇಡಿ, ಮೇಲೆ ಹಾಕಿದರೆ ನಷ್ಟ ಏನೂ ಇಲ್ಲ. ಸಿಕ್ಕರೂ ಹೋಗದ ಕಾಲೇಜನ್ನು ಮಾತ್ರ ಹಾಕಲೇಬೇಡಿ. ಮಾಕ್ ಅಲಾಟ್‌ಮೆಂಟ್ ಬರೀ ಸೂಚನೆ, ಅದು ಸೀಟಲ್ಲ. ಅದನ್ನು ನೋಡಿ ಕಟಾಫಿನ ಅಂದಾಜು ತಿದ್ದಿಕೊಳ್ಳಿ. ಗಾಬರಿಯಲ್ಲಿ ಇಡೀ ಪಟ್ಟಿ ಕಲಸಿಬಿಡಬೇಡಿ. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದು ಬಿಟ್ಟು ಕಾಯುವುದು. ನಾಲ್ಕನೆಯದು ಹೊರಗೆ ಹೋಗುವುದು. ಊರಿನ ಆಸೆ ಒಂದಕ್ಕೇ ಮೂರನೆಯದನ್ನು ಒತ್ತುವ ಮುಂಚೆ ಒಂದು ರಾತ್ರಿ ಮಲಗಿ ಏಳಿ. ನಿಯಮಗಳನ್ನು ಆಯಾ ವರ್ಷದ ಕೆಇಎ ಸೂಚನೆಯಲ್ಲೇ ಓದಿ, ಸೈಬರ್ ಸೆಂಟರಿನವರ ಮಾತಿನ ಮೇಲೆ ಬಿಡಬೇಡಿ. ಪಾಸ್‌ವರ್ಡನ್ನೂ ಅವರ ಹತ್ತಿರ ಬಿಡಬೇಡಿ.

ಮನೆಯವರ ಜೊತೆ ಮಾತಾಡುವಾಗ ಒಂದು ವಿಷಯ. "ಹೆಣ್ಣುಮಗು, ಅಷ್ಟು ದೂರ ಯಾಕವ್ವಾ?" ಅಂದರೆ ಸಿಟ್ಟಾಗಿ ಎದ್ದು ಹೋಗಬೇಡಿ. ಆ ಮಾತಿನ ಹಿಂದೆ ಇರುವುದು ಸಣ್ಣ ಸಣ್ಣ ಪ್ರಶ್ನೆಗಳು. ರಾತ್ರಿ ಸ್ಟೇಷನ್‌ಗೆ ಯಾರು ಬಿಡುತ್ತಾರೆ, ಹಾಸ್ಟೆಲ್ ಕ್ಯಾಂಪಸ್ ಒಳಗಾ ಹೊರಗಾ, ಆರಾಮ ಇಲ್ಲದಿದ್ದರೆ ಹತ್ತಿರದ ನೆಂಟರು ಯಾರು. ಇವಕ್ಕೆ ಉತ್ತರ ಬರೆದುಕೊಂಡು ಕೂತರೆ ಅಪ್ಪ ಮೆತ್ತಗಾಗುತ್ತಾರೆ. ಅವ್ವನನ್ನು ಕಾಲೇಜು ನೋಡಲು ಕರೆದುಕೊಂಡು ಹೋಗಿ, ಹಾಸ್ಟೆಲ್ ಬಾತ್‌ರೂಮ್ ಪರೀಕ್ಷೆ ಮಾಡಲು ಅವರಿಗಿಂತ ಬೇರೆ ಇನ್‌ಸ್ಪೆಕ್ಟರ್ ಬೇಕಿಲ್ಲ.

ಯಾವುದನ್ನು ಆರಿಸಿದರೂ ಒಂದು ಕಡೆ ಕೊರತೆ ಉಳಿಯುತ್ತದೆ, ಅದನ್ನು ರಜೆಯಲ್ಲಿ ತುಂಬಿಕೊಳ್ಳಿ. ಇಲ್ಲೇ ಓದುವವರು ನಾಲ್ಕನೇ ಸೆಮಿಸ್ಟರ್ ರಜೆಯಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಇಂಟರ್ನ್‌ಶಿಪ್‌ಗೆ ಹೋಗಿ. ಊರು ಹಿಡಿಸುತ್ತದಾ ಅಂತ ಕಮ್ಮಿ ಖರ್ಚಿನಲ್ಲಿ ತಿಳಿಯುತ್ತದೆ. ದೊಡ್ಡ ಊರಿನ ಸಾಧಾರಣ ಕಾಲೇಜಿಗೆ ಸೇರಿದವರು ಕ್ಯಾಂಪಸ್ ಸಪ್ಪೆ ಅಂತ ರೂಮಿನಲ್ಲಿ ಮಲಗಬೇಡಿ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೆ, ಮೀಟಪ್‌ಗಳಿವೆ, ಬೇರೆ ಕಾಲೇಜಿನ ಫೆಸ್ಟ್‌ಗಳಿವೆ. ಅದಕ್ಕೇ ತಾನೇ ಊರು ಆರಿಸಿದ್ದು?

ಸೇರಿದ ಮೇಲೆ ನಿಜಕ್ಕೂ ಹೊಂದಿಕೆಯಾಗದಿದ್ದರೆ ವಿಟಿಯುನಲ್ಲಿ ಎರಡನೇ ವರ್ಷಕ್ಕೆ ಕಾಲೇಜು ಬದಲಿಸುವ ಅವಕಾಶ ಇದೆ. ಅಲ್ಲಿ ಸೀಟು ಖಾಲಿ ಇರಬೇಕು, ಎರಡೂ ಕಾಲೇಜಿನವರು ಒಪ್ಪಬೇಕು. ಸೇರುವಾಗ ಒರಿಜಿನಲ್ ಸರ್ಟಿಫಿಕೇಟ್‌ಗಳನ್ನು ನೋಡಿ ವಾಪಸ್ ಕೊಡಬೇಕು ಅಂತ ಯುಜಿಸಿ ನಿಯಮವಿದೆ, ಇಟ್ಟುಕೊಳ್ಳುತ್ತೇವೆ ಅಂದರೆ ಕೇಳಿ. ರ‍್ಯಾಗಿಂಗ್ ಸಹಾಯವಾಣಿ 1800-180-5522 ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಹಾಸ್ಟೆಲ್ ಅರ್ಜಿ ಸೀಟಿನ ಜೊತೆ ತಾನಾಗೇ ಬರುವುದಿಲ್ಲ, ಬೇರೆ ಹಾಕಬೇಕು. ಸೀಟು ಖಾತ್ರಿಯಾದ ದಿನವೇ ಹಾಕಿ, ಎಂಟು ದಿನ ತಡ ಮಾಡಿದರೆ ಪಿಜಿ ಹುಡುಕುತ್ತ ಬೀದಿ ಅಲೆಯಬೇಕಾಗುತ್ತದೆ.